ಯಾರ ಮನೆಯ ಮೇಲೆ ನಮ್ಮ ಕಾಯಿ

ಮೊದಲ ದಿನ: ಲಂಡನ್

ಚೆಲ್ಸಿಯ ನ್ಯಾಷನಲ್ ಆರ್ಮಿ ಮ್ಯೂಸಿಯಂ ಬಾಗಿಲು ತೆರೆಯುವ ಮೊದಲೇ ನಾನೂ ಮಗಳೂ ಹೊರಗೆ ನಿಂತಿದ್ದೆವು. ಅವಳಿಗೆ 15 ವರ್ಷ. ಮೇಜಿನ ಮೇಲೆ ಆಡುವ ವಾರ್‌ಗೇಮ್‌ಗಳ ಹುಚ್ಚು ನನ್ನಿಂದಲೇ ಅವಳಿಗೆ ಅಂಟಿದ್ದು. ಒಂದು ದಿನ ಅವಳು ನನ್ನ ಕಪಾಟಿನಲ್ಲಿದ್ದ ಆಟದ ಪೆಟ್ಟಿಗೆಗಳನ್ನೆಲ್ಲ ಕೆಳಗಿಳಿಸಿ, ಯಾವ ದೇಶದಲ್ಲಿ ತಯಾರಾದದ್ದು ಎಂದು ನೋಡಿ ಬೇರೆ ಬೇರೆ ಜೋಡಿಸಿದಳು.

"ಅಪ್ಪಾ, ಎಲ್ಲರೂ ಯುದ್ಧದ ಆಟವನ್ನೇ ಮಾಡಿದ್ದಾರೆ. ಆದ್ರೆ ಒಂದು ದೇಶದ್ದು ಇನ್ನೊಂದರ ಥರ ಇಲ್ವಲ್ಲ, ಯಾಕೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಹೋಗಿ ನೋಡಿಕೊಂಡು ಬರೋಣ ಎಂದೆ. ಹಾಗೆ ಶುರುವಾದ ಪ್ರವಾಸ ಇದು.

ಮ್ಯೂಸಿಯಂ ಒಳಗೆ ವಿಲಿಯಂ ಸಿಬೋರ್ನ್ ಎಂಬ ಸೇನಾಧಿಕಾರಿ ಮಾಡಿದ, ನೆಪೋಲಿಯನ್ ಸೋತ ವಾಟರ್‌ಲೂ ಕದನದ ಮಾದರಿ ಇದೆ. 1815ರ ಜೂನ್ 18, ಸಂಜೆ ಸುಮಾರು ಏಳು ಗಂಟೆ. ಆ ಒಂದು ಗಳಿಗೆ ಅಲ್ಲೇ ನಿಂತುಬಿಟ್ಟಿದೆ. 70 ಸಾವಿರಕ್ಕೂ ಹೆಚ್ಚು ಬೊಂಬೆಗಳು, ಒಂದೊಂದೂ ಉಗುರಿನಷ್ಟು. ಸಿಬೋರ್ನ್ 1830ರಲ್ಲಿ ರಣಭೂಮಿಯ ನಡುವೆ ಇರುವ ಲಾ ಹೇ ಸೆಂಟ್ ಎಂಬ ತೋಟದ ಮನೆಯಲ್ಲಿ ಎಂಟು ತಿಂಗಳು ಉಳಿದು ನೆಲ ಅಳೆದ. ಯುದ್ಧದಲ್ಲಿದ್ದ ಅಧಿಕಾರಿಗಳಿಗೆಲ್ಲ ಪತ್ರ ಬರೆದು, ಆ ಹೊತ್ತಿಗೆ ನಿಮ್ಮ ತುಕಡಿ ಎಲ್ಲಿತ್ತು ಎಂದು ಕೇಳಿದ. 1838ರಲ್ಲಿ ಮಾದರಿಯನ್ನು ಜನರಿಗೆ ತೋರಿಸಿದ.

ಆದರೆ ಅದರಲ್ಲಿ, ಬ್ರಿಟಿಷರ ಜೊತೆಗಿದ್ದ ಪ್ರಶ್ಯ ಎಂಬ ಜರ್ಮನ್ ರಾಜ್ಯದ ಸೈನಿಕರು ಜಾಸ್ತಿ ಕಾಣಿಸುತ್ತಿದ್ದರು. ಗೆಲುವಿನಲ್ಲಿ ಅವರ ಪಾಲು ದೊಡ್ಡದು ಎಂದು ನೋಡಿದವರಿಗೆ ಅನಿಸುವಂತಿತ್ತು. ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್‌ಗೆ ಅದು ಹಿಡಿಸಲಿಲ್ಲ. ಕೊನೆಗೆ ಪ್ರಶ್ಯದ ಬೊಂಬೆಗಳಲ್ಲಿ ಬಹಳಷ್ಟನ್ನು ಸಿಬೋರ್ನ್ ತೆಗೆದುಹಾಕಬೇಕಾಯಿತು. ಮಗಳು ಗಾಜಿಗೆ ಮೂಗು ತಾಗಿಸಿ ಆ ಖಾಲಿ ಅಂಚನ್ನು ತುಂಬಾ ಹೊತ್ತು ನೋಡಿದಳು. ಆಟದ ಹಲಗೆಯ ಮೇಲೆ ಯಾರಿದ್ದಾರೆ ಅನ್ನುವಷ್ಟೇ ಯಾರನ್ನು ಎತ್ತಿಟ್ಟಿದ್ದಾರೆ ಅನ್ನುವುದೂ ಮುಖ್ಯ. ನನ್ನ ಪುಸ್ತಕದಲ್ಲಿ ಮೊದಲು ಬರೆದುಕೊಂಡದ್ದು ಇದನ್ನೇ.

ಎರಡನೇ ದಿನ: ನಾಟಿಂಗ್‌ಹ್ಯಾಮ್

ಬೆಳಗಿನ ರೈಲು. ಪುಟ್ಟ ಸೈನಿಕರ ಬೊಂಬೆ ಎರಕ ಹೊಯ್ಯುವ ಕಂಪನಿಗಳು ಈ ಊರಿನ ಸುತ್ತಮುತ್ತ ಎಷ್ಟಿವೆಯೆಂದರೆ, ಆಟಗಾರರು ಈ ಪ್ರದೇಶವನ್ನು 'ಸೀಸದ ಪಟ್ಟಿ' ಎಂದೇ ಕರೆಯುತ್ತಾರೆ. ಹಿಂದೆ ಬೊಂಬೆಗಳಿಗೆ ಸೀಸ ಬೆರೆಸುತ್ತಿದ್ದರು, ಅದಕ್ಕೆ ಆ ಹೆಸರು. ವಾರ್‌ಹ್ಯಾಮರ್ ಅಂದರೆ ಇಂಥ ಬೊಂಬೆಗಳ ಸೈನ್ಯ ಕಟ್ಟಿ ಆಡುವ ಆಟ. ಲೆಂಟನ್ ಎಂಬಲ್ಲಿರುವ ಅದರ ಕೇಂದ್ರ ವಾರ್‌ಹ್ಯಾಮರ್ ವರ್ಲ್ಡ್‌ನಲ್ಲಿ ಆಡುವ ಮೇಜುಗಳೂ ಬೊಂಬೆಗಳ ಪ್ರದರ್ಶನವೂ ಇವೆ. ವಾರ್‌ಹ್ಯಾಮರ್ ಬಂದದ್ದು 1983ರಲ್ಲಿ, ದೂರದ ಭವಿಷ್ಯದಲ್ಲಿ ನಡೆಯುವ ವಾರ್‌ಹ್ಯಾಮರ್ 40,000 ಬಂದದ್ದು 1987ರಲ್ಲಿ.

ಮಗಳು ಇಲ್ಲಿ ಕೇಳಿದ ಪ್ರಶ್ನೆ ಸರಳ. "ಇದರಲ್ಲಿ ಒಳ್ಳೆಯವರು ಯಾರು?"

ಯಾರೂ ಇಲ್ಲ, ಪುಟ್ಟಿ. ಮನುಷ್ಯರ ಸಾಮ್ರಾಜ್ಯವೇ ಎಲ್ಲಕ್ಕಿಂತ ಕ್ರೂರ. ಹತ್ತು ಸಾವಿರ ವರ್ಷಗಳಿಂದ ಹೆಣದಂತೆ ಸಿಂಹಾಸನದ ಮೇಲಿರುವ ಒಬ್ಬ ಚಕ್ರವರ್ತಿ, ಅವನ ಹೆಸರಿನಲ್ಲಿ ಸಾಯುವ ಕೋಟಿ ಕೋಟಿ ಜನ. ಸಾಮ್ರಾಜ್ಯ ಕಳೆದುಕೊಂಡ ದೇಶವೊಂದು ಸಾಮ್ರಾಜ್ಯದ ವೈಭವವನ್ನು ಹೀಗೆ ಅಣಕಿಸಿ ನೋಡಿಕೊಂಡಿದೆ ಎಂದು ನನಗೆ ಯಾವಾಗಲೂ ಅನಿಸಿದೆ. ಓರ್ಕ್ ಎಂಬ ಹಸಿರು ರಾಕ್ಷಸರು ಮಾತಾಡುವ ಇಂಗ್ಲಿಷ್ ಕೂಡ ಫುಟ್‌ಬಾಲ್ ಗ್ಯಾಲರಿಯ ಒರಟು ಇಂಗ್ಲಿಷ್.

ಆದರೆ ಅಣಕ ಅಣಕವಾಗಿಯೇ ಎಲ್ಲರಿಗೂ ಕಾಣುವುದಿಲ್ಲ. ಆ ಸಾಮ್ರಾಜ್ಯವನ್ನು ನಿಜವಾಗಿ ಮೆಚ್ಚಿಕೊಂಡವರೂ ಹುಟ್ಟಿಕೊಂಡರು. 2021ರಲ್ಲಿ ಸ್ಪೇನ್‌ನ ಒಂದು ಪಂದ್ಯಾವಳಿಗೆ ಒಬ್ಬ ಆಟಗಾರ ನಾಜಿ ಚಿಹ್ನೆ ಧರಿಸಿ ಬಂದ. ಅದಾದ ಮೇಲೆ ಕಂಪನಿ ಬಿಡಿಸಿ ಹೇಳಬೇಕಾಯಿತು: ಈ ಕಥೆಯಲ್ಲಿ ಒಳ್ಳೆಯ ಪಕ್ಷ ಇಲ್ಲ, ಇದು ವ್ಯಂಗ್ಯ, ದ್ವೇಷದ ಚಿಹ್ನೆ ತೊಟ್ಟವರಿಗೆ ನಮ್ಮಲ್ಲಿ ಜಾಗ ಇಲ್ಲ. ಹೇಳಿದ್ದು ಒಳ್ಳೆಯದಾಯಿತು. ಬ್ರಿಟನ್ನಿನ ನಗು ಬ್ರಿಟನ್ ದಾಟಿದ ಮೇಲೆ ಅದೇ ನಗುವಾಗಿ ಉಳಿಯುತ್ತದೆ ಎಂಬ ಭರವಸೆ ಇಲ್ಲವಲ್ಲ.

ಮೂರನೇ ದಿನ: ಪ್ಯಾರಿಸ್

ಇಲ್ಲಿ ಇದ್ದದ್ದು ಒಂದೇ ದಿನ. ಲಂಡನ್ನಿನ ರೈಲು ನಿಲ್ದಾಣಕ್ಕೆ ವಾಟರ್‌ಲೂ ಎಂಬ ಹೆಸರು. ಪ್ಯಾರಿಸ್ಸಿನ ನಿಲ್ದಾಣಕ್ಕೆ ಆಸ್ಟರ್‌ಲಿಟ್ಜ್. ಎರಡೂ ನೆಪೋಲಿಯನ್ ಕಾಲದ ಕದನಗಳೇ, ಆದರೆ ಅವರವರು ಗೆದ್ದದ್ದು ಮಾತ್ರ. 1994ರಿಂದ 2007ರವರೆಗೆ ಪ್ಯಾರಿಸ್ಸಿನಿಂದ ಹೊರಟ ಯೂರೋಸ್ಟಾರ್ ರೈಲು ಹೋಗಿ ನಿಲ್ಲುತ್ತಿದ್ದದ್ದು ವಾಟರ್‌ಲೂನಲ್ಲೇ.

ಇನ್ವಾಲೀಡ್ ಕಟ್ಟಡದ ಮೇಲಿನ ಮಹಡಿಯಲ್ಲಿ ಕೋಟೆ ಊರುಗಳ ಮಾದರಿಗಳಿವೆ. 14ನೇ ಲೂಯಿಯ ಕಾಲದಲ್ಲಿ, 1668ರಲ್ಲಿ ಶುರುವಾದ ಸಂಗ್ರಹ. ಊರನ್ನು 600ರಲ್ಲಿ ಒಂದು ಪಾಲಿಗೆ ಇಳಿಸಿ, ಪ್ರತಿ ಬೀದಿ, ಪ್ರತಿ ಮಾಡನ್ನೂ ಮಾಡಿದ್ದಾರೆ. ಅವು ಒಂದು ಕಾಲಕ್ಕೆ ರಾಜ್ಯದ ಗುಟ್ಟು. ನೋಡಲು ಎಲ್ಲರನ್ನೂ ಬಿಡುತ್ತಿರಲಿಲ್ಲ. ಕೆಳಗಿನ ಗುಮ್ಮಟದ ಅಡಿಯಲ್ಲಿ ನೆಪೋಲಿಯನ್ ಸಮಾಧಿ. ಮಗಳಿಗೆ ಸಮಾಧಿಗಿಂತ ಮಾದರಿಗಳೇ ಹಿಡಿಸಿದವು. ನನಗೂ ಅಷ್ಟೆ.

ಸಂಜೆ ಹೋಟೆಲಿನಲ್ಲಿ ಚೆಸ್ ಆಡುತ್ತಾ ಒಂದು ಮಾತು ಬಂತು. ನಾವು ಒಂಟೆ ಎನ್ನುವ ಕಾಯಿ ಇಂಗ್ಲಿಷಿನಲ್ಲಿ ಪಾದ್ರಿ, ಫ್ರೆಂಚಿನಲ್ಲಿ ಹುಚ್ಚ, ಜರ್ಮನ್‌ನಲ್ಲಿ ಓಟಗಾರ. ಅದೇ ಹಲಗೆ, ಅದೇ ನಡೆ. ಮೂಲದ ಚತುರಂಗದಲ್ಲಿ ಅದು ಆನೆ.

ನಾಲ್ಕು ಮತ್ತು ಐದನೇ ದಿನ: ಫುಲ್ಡಾ

ಈ ಊರಿಗಾಗಿಯೇ ಇಡೀ ಪ್ರವಾಸ ಮಾಡಿದೆ ಅಂದರೂ ತಪ್ಪಿಲ್ಲ.

ಫುಲ್ಡಾ ಜರ್ಮನಿಯ ನಡುಮಧ್ಯದ ಊರು. ಸಂತ ಬೋನಿಫೇಸ್ ಸಮಾಧಿ ಇರುವ ದೊಡ್ಡ ಚರ್ಚು, ಶಾಂತವಾದ ಬೀದಿಗಳು. ಜರ್ಮನಿ ಎರಡಾಗಿದ್ದ ಕಾಲದಲ್ಲಿ ಗಡಿ ಇಲ್ಲಿಂದ ಹತ್ತಿರವೇ ಇತ್ತು. ಬೆಟ್ಟಗಳ ನಡುವಿನ ತಗ್ಗು ನೆಲ ಫ್ರಾಂಕ್‌ಫರ್ಟ್ ಕಡೆಗೆ ದಾರಿ ಬಿಡುತ್ತದೆ. ಮೂರನೇ ಮಹಾಯುದ್ಧ ನಡೆದರೆ ಸೋವಿಯತ್ ಟ್ಯಾಂಕುಗಳು ಇದೇ ದಾರಿಯಲ್ಲಿ ನುಗ್ಗುತ್ತವೆ ಎಂದು ಅಮೆರಿಕದ ಸೈನ್ಯ ಲೆಕ್ಕ ಹಾಕಿತ್ತು. ಅದಕ್ಕೆ ಫುಲ್ಡಾ ಗ್ಯಾಪ್ ಎಂಬ ಹೆಸರು.

1977ರಲ್ಲಿ ನ್ಯೂಯಾರ್ಕಿನ ಎಸ್‌ಪಿಐ ಕಂಪನಿ ಅದೇ ಹೆಸರಿನ ವಾರ್‌ಗೇಮ್ ತಂದಿತು. ಇಲ್ಲಿನ ನಿಜವಾದ ನಕ್ಷೆ, ಅದರ ಮೇಲೆ ಆರು ಮೂಲೆಯ ಮನೆಗಳು, ಚಿಕ್ಕ ಚೌಕದ ರಟ್ಟಿನ ಕಾಯಿಗಳು. ಅಣುಬಾಂಬು ಮತ್ತು ವಿಷಾನಿಲ ಬಳಸುವ ನಿಯಮಗಳೂ ಅದರಲ್ಲಿವೆ. ಅಮೆರಿಕದ ಆಟಗಾರರಿಗೆ ಅದು ಗಂಭೀರವಾದ ಅಧ್ಯಯನ. ಅವರ ಸೈನಿಕರು ನಿಜವಾಗಿಯೂ ಇಲ್ಲಿ ಕಾವಲಿದ್ದರು. 1980ರ ದಶಕದ ಆರಂಭದಲ್ಲಿ ಆಟದ ಸುದ್ದಿ ಇಲ್ಲಿನ ಶಾಂತಿ ಚಳವಳಿಯವರಿಗೆ ಸಿಕ್ಕಿತು. ಅವರು ಬೆಚ್ಚಿಬಿದ್ದರು.

ನಾವು ಉಳಿದ ಮನೆಯ ಯಜಮಾನರಿಗೆ ಈಗ 70 ದಾಟಿದೆ. ಆ ಶಾಂತಿ ಚಳವಳಿಯ ಮೆರವಣಿಗೆಗಳಲ್ಲಿ ನಡೆದವರು. ನಮ್ಮ ಚೀಲದಲ್ಲಿ ಆ ಆಟದ ನಕ್ಷೆ ಇದೆ ಎಂದು ಹೇಳಲು ನನಗೆ ಸಂಕೋಚವಾಯಿತು. ಮಗಳು ಹೇಳಿಯೇಬಿಟ್ಟಳು. ಅವರು ಊಟದ ಮೇಜು ಒರೆಸಿ, ಅದನ್ನು ಬಿಚ್ಚಿ ಎಂದರು. ಕನ್ನಡಕ ಹಾಕಿಕೊಂಡು, ಬೆರಳು ಆಡಿಸುತ್ತಾ ಹುಡುಕಿ, ಒಂದು ಆರು ಮೂಲೆಯ ಮನೆಯ ಮೇಲೆ ಬೆರಳಿಟ್ಟರು.

"ಇದು ನಮ್ಮ ಮನೆ."

ಕಾಯಿ ಇಡುವ ಜಾಗಕ್ಕೆ ನಮ್ಮ ಭಾಷೆಯಲ್ಲೂ ಮನೆ ಅಂತಲೇ ಹೇಳುತ್ತೇವೆ ಎಂದು ಮಗಳು ಅವರಿಗೆ ಇಂಗ್ಲಿಷಿನಲ್ಲಿ ವಿವರಿಸಿದಳು. ಅವರು ತಲೆ ಎತ್ತಿ ಅವಳನ್ನು ನೋಡಿದರು. ಆಮೇಲೆ ತಮ್ಮ ಅಕ್ಕನ ಮನೆ, ತಾವು ಓದಿದ ಶಾಲೆ, ತಾಯಿಯ ಊರು ಎಂದು ಒಂದೊಂದೇ ತೋರಿಸುತ್ತಾ ಹೋದರು. ಒಂದೊಂದು ಮನೆಯೊಳಗೆ ಎಷ್ಟೊಂದು ಹಳ್ಳಿ! ಅಣುಬಾಂಬಿನ ನಿಯಮ ಇರುವ ಪುಟವನ್ನು ಅವರಾಗಿಯೇ ಕೇಳಿ ಓದಿದರು. ಸಿಟ್ಟಾಗಲಿಲ್ಲ. ನಕ್ಷೆಯನ್ನು ಹಳೆಯ ಮಡಿಕೆಯಲ್ಲೇ ನೀಟಾಗಿ ಮಡಚಿ ಕೊಟ್ಟರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಷ್ಟೋ ಸಲ ನಾನು ಆ ನಕ್ಷೆಯ ಮೇಲೆ ಕಾಯಿ ನಡೆಸಿದ್ದೇನೆ. ಆಟ ಮಾಡಿದವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅವರ ಮನೆ ಸಾಗರದ ಆಚೆ ಇತ್ತು, ಅಷ್ಟೆ. ಅಮೆರಿಕದವರು ತಮ್ಮ ನೆಲದ ಯುದ್ಧವನ್ನೂ ಆಡಿದ್ದಾರಲ್ಲ ಎಂಬ ಮಾತು ನೆನಪಾಯಿತು. ಹೌದು, ಆಡಿದ್ದಾರೆ. ಬಾಲ್ಟಿಮೋರ್‌ನ ಅವಲಾನ್ ಹಿಲ್ ಕಂಪನಿಯ ಗೆಟ್ಟಿಸ್‌ಬರ್ಗ್ ಆಟ ಬಂದದ್ದು 1958ರಲ್ಲಿ. ಅಮೆರಿಕದ ಅಂತರ್ಯುದ್ಧದ ಆ ಕದನ ನಡೆದದ್ದು 1863ರ ಜುಲೈನಲ್ಲಿ. ನಡುವೆ 95 ವರ್ಷ. ಅಂದರೆ ದೂರ ಬೇಕು. ಜಾಗದ ದೂರವಾದರೂ ಇರಬೇಕು, ಕಾಲದ ದೂರವಾದರೂ ಇರಬೇಕು. ಮಗಳ ಪ್ರಶ್ನೆಗೆ ನನಗೆ ಹೊಳೆದ ಮೊದಲ ಉತ್ತರ ಇದು.

ಮರುದಿನ ಪಾಯಿಂಟ್ ಆಲ್ಫಾಕ್ಕೆ ಹೋದೆವು. ರಾಸ್‌ಡಾರ್ಫ್ ಮತ್ತು ಗೈಸಾ ಊರುಗಳ ನಡುವೆ ಅಮೆರಿಕನ್ನರ ಕಾವಲು ಠಾಣೆ ಇದ್ದ ಜಾಗ. ಬೇಲಿ, ಕಾವಲು ಗೋಪುರ, ಆಚೆ ಪೂರ್ವದವರ ಗೋಪುರ, ಎಲ್ಲವನ್ನೂ ಉಳಿಸಿಕೊಂಡಿದ್ದಾರೆ. ಗಾಳಿ ಜೋರಾಗಿತ್ತು. ಹೊಲಗಳು ಎರಡೂ ಕಡೆ ಒಂದೇ ಬಣ್ಣ.

ಜರ್ಮನಿಯ ವಿಚಾರದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ವಾರ್‌ಗೇಮ್ ಎಂಬುದೇ ಇಲ್ಲಿ ಹುಟ್ಟಿದ್ದು. ರೈಸ್‌ವಿಟ್ಜ್ ಎಂಬ ಪ್ರಶ್ಯದ ಅಧಿಕಾರಿ ತನ್ನ ಅಪ್ಪನ ಆಟವನ್ನು ತಿದ್ದಿ 1824ರಲ್ಲಿ ಕ್ರೀಗ್‌ಸ್ಪೀಲ್ ಪ್ರಕಟಿಸಿದ. ಸೇನಾ ಮುಖ್ಯಸ್ಥ ಮುಫ್ಲಿಂಗ್ ಅದನ್ನು ನೋಡಿ, ಇದು ಆಟವಲ್ಲ, ಯುದ್ಧದ ಪಾಠ ಎಂದು ಹೊಗಳಿದ. ಕ್ರೀಗ್‌ಸ್ಪೀಲ್ ಅಂದರೆ ಯುದ್ಧದ ಆಟ, ನೇರವಾಗಿ ಅಷ್ಟೇ. ಆದರೆ ಇವತ್ತು ಇಲ್ಲಿನ ಹವ್ಯಾಸಿಗಳು ತಮ್ಮ ಆಟಕ್ಕೆ ಸಾಮಾನ್ಯವಾಗಿ ಹೇಳುವ ಹೆಸರು ಕೋಸಿಮ್. ಸಂಘರ್ಷದ ಅನುಕರಣೆ ಎಂಬುದರ ಚುಟುಕು ರೂಪ. ಜಗತ್ತಿಗೆ ಆ ಪದ ಕೊಟ್ಟವರೇ ಅದನ್ನು ಬಾಯಲ್ಲಿ ಆಡಲು ಹಿಂಜರಿಯುತ್ತಾರೆ. ಜಗತ್ತನ್ನೇ ಗೆಲ್ಲುವ ರಿಸ್ಕ್ ಆಟಕ್ಕೂ 1980ರ ದಶಕದಲ್ಲಿ ಇಲ್ಲಿ ತಕರಾರು ಎದ್ದು, ನಿಯಮ ಪುಸ್ತಕದಲ್ಲಿ 'ವಶಪಡಿಸಿಕೊಳ್ಳಿ' ಎಂದಿದ್ದದ್ದು 'ವಿಮೋಚನೆ ಮಾಡಿ' ಎಂದಾಯಿತು. ದಾಳ ಅದೇ, ಸೈನ್ಯ ಅದೇ, ಮಾತು ಮಾತ್ರ ಬೇರೆ. ಇದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಹೆಸರು ಬದಲಿಸಿದರೆ ನಡೆ ಬದಲಾಗುತ್ತದೆಯೇ?

ನಾಜಿ ಚಿಹ್ನೆಗಳನ್ನು ಸಾರ್ವಜನಿಕವಾಗಿ ತೋರಿಸಬಾರದೆಂಬ ಕಾನೂನು ಬೇರೆ ವಿಷಯ. ಅದು ದಂಡ ಸಂಹಿತೆಯ 86ಎ ಕಲಮು. ಕಲೆ, ಸಂಶೋಧನೆ, ಶಿಕ್ಷಣಕ್ಕೆ ವಿನಾಯಿತಿ ಇದೆ. ವಿಮಾನದ ಮಾದರಿ ಕಿಟ್‌ಗಳ ಪೆಟ್ಟಿಗೆ ಮೇಲೆ ಬಾಲದ ಚಿಹ್ನೆ ಅಳಿಸಿರುವುದು ಇದೇ ಕಾರಣಕ್ಕೆ. ಆ ಎಚ್ಚರ ಬೇಕು ಎಂದೇ ನನ್ನ ಅಭಿಪ್ರಾಯ.

ಆದರೆ ಜರ್ಮನಿ ಕೊಟ್ಟ ದೊಡ್ಡ ಉತ್ತರ ನಿಷೇಧದಲ್ಲಿಲ್ಲ. ಅದು ಕಟಾನ್‌ನಂಥ ಆಟಗಳಲ್ಲಿದೆ. ಕ್ಲಾಸ್ ಟ್ಯೂಬರ್ 1995ರಲ್ಲಿ ತಂದ ಆಟ. ದ್ವೀಪದ ಮೇಲೆ ಆರು ಮೂಲೆಯ ಮನೆಗಳೇ ಇವೆ, ಆದರೆ ಅಲ್ಲಿ ಯಾರೂ ಇನ್ನೊಬ್ಬರ ಊರನ್ನು ಕೆಡವುವಂತಿಲ್ಲ. ರಸ್ತೆ ಹಾಕಬೇಕು, ಊರು ಕಟ್ಟಬೇಕು, ಇಟ್ಟಿಗೆ ಕೊಟ್ಟು ಉಣ್ಣೆ ಪಡೆಯಬೇಕು.

ಆರನೇ ದಿನ: ಕುಲ್ಮ್‌ಬಾಖ್

ಮೂರು ರೈಲು ಬದಲಿಸಿ ಬಂದೆವು. ಊರ ಮೇಲಿನ ಗುಡ್ಡದಲ್ಲಿ ಪ್ಲಾಸೆನ್‌ಬುರ್ಗ್ ಕೋಟೆ. ಒಳಗೆ ತವರದ ಬೊಂಬೆಗಳ ಮ್ಯೂಸಿಯಂ. ಕಾಗದದಂತೆ ಚಪ್ಪಟೆಯಾದ, ಎರಡೂ ಬದಿ ಬಣ್ಣ ಹಚ್ಚಿದ ಬೊಂಬೆಗಳು, ಸುಮಾರು 3 ಲಕ್ಷ. ಎಲ್ಲೆಲ್ಲೂ ಕದನಗಳು.

ಎಲ್ಲಕ್ಕಿಂತ ದೊಡ್ಡ ದೃಶ್ಯದಲ್ಲಿ 19 ಸಾವಿರಕ್ಕೂ ಹೆಚ್ಚು ಬೊಂಬೆಗಳಿವೆ. ಅದು ಯಾವ ಗೆಲುವೂ ಅಲ್ಲ. 1553ರಲ್ಲಿ ಇದೇ ಕುಲ್ಮ್‌ಬಾಖ್ ಊರನ್ನು ಶತ್ರುಗಳು ಸುಟ್ಟು ಹಾಳುಮಾಡಿದ ದಿನ. ಸಿಬೋರ್ನ್ ಮಾದರಿಯ ಮುಂದೆ ನಿಂತದ್ದು ನೆನಪಾಯಿತು. ಅಲ್ಲಿ ಬೇರೆಯವರ ಹೊಲದಲ್ಲಿ ತಮ್ಮ ಗೆಲುವು. ಇಲ್ಲಿ ತಮ್ಮ ಮನೆಗೇ ಬೆಂಕಿ. ಕಿಟಕಿಯಿಂದ ಕೆಳಗೆ ನೋಡಿದರೆ ಅದೇ ಊರು, ಮತ್ತೆ ಕಟ್ಟಿದ ಕೆಂಪು ಹೆಂಚಿನ ಮಾಡುಗಳು.

"ಇದನ್ನು ಆಡೋಕೆ ಆಗುತ್ತಾ ಅಪ್ಪಾ?" ಎಂದಳು ಮಗಳು.

"ಆಡಬಹುದೇನೋ. ಯಾವ ಪಕ್ಷ ತಗೋತೀಯ?"

ಅವಳು ಉತ್ತರ ಕೊಡಲಿಲ್ಲ.

ಏಳನೇ ದಿನ ಪೂರ್ತಿ ರೈಲಿನಲ್ಲೇ ಕಳೆಯಿತು. ಬರ್ಲಿನ್‌ನಲ್ಲಿ ಇಳಿದು ಇನ್ನೊಂದು ರೈಲು ಹತ್ತಿದೆವು, ಅಷ್ಟೆ.

ಎಂಟನೇ ದಿನ: ವಾರ್ಸಾ

ಫುಲ್ಡಾದಲ್ಲಿ ಹೊಳೆದ ಉತ್ತರ ಇಲ್ಲಿ ಅರ್ಧ ಸುಳ್ಳಾಯಿತು. ಗಾಯ ದೂರ ಇದ್ದರೆ ಮಾತ್ರ ಆಟ ಆಗುತ್ತದೆ ಅಂದುಕೊಂಡಿದ್ದೆ. ಪೋಲೆಂಡಿನಲ್ಲಿ ಗಾಯ ಹತ್ತಿರವೇ ಇದೆ. ಆದರೂ ಆಟಗಳಿವೆ.

1944ರ ಆಗಸ್ಟ್ 1ರಂದು ವಾರ್ಸಾ ನಾಜಿ ಜರ್ಮನ್ನರ ವಿರುದ್ಧ ದಂಗೆ ಎದ್ದಿತು. 63 ದಿನ ನಡೆದು ಸೋತಿತು. ಸತ್ತ ಸಾಮಾನ್ಯ ಜನರೇ ಒಂದೂವರೆ ಲಕ್ಷಕ್ಕಿಂತ ಜಾಸ್ತಿ. ಉಳಿದ ಊರನ್ನು ಜರ್ಮನ್ನರು ಒಂದೊಂದೇ ಬೀದಿಯಂತೆ ಕೆಡವಿದರು. ದಂಗೆಯ ಮ್ಯೂಸಿಯಂ 2004ರಿಂದ ಹಳೆಯ ಟ್ರಾಮ್ ವಿದ್ಯುತ್ ಕೇಂದ್ರದ ಕಟ್ಟಡದಲ್ಲಿದೆ. ಅಲ್ಲಿ ಮಕ್ಕಳಿಗೆಂದೇ ಒಂದು ಕೋಣೆ ಇದೆ. ದಂಗೆಯ ಕಾಲದಲ್ಲಿ ಸ್ಕೌಟ್ ಮಕ್ಕಳು ಗುಂಡು ಹಾರುವ ಬೀದಿಗಳಲ್ಲಿ ಅಂಚೆ ಹಂಚುತ್ತಿದ್ದರು. ಅದರ ಮೇಲೆ ಒಂದು ಬೋರ್ಡ್ ಆಟವೇ ಬಂದಿದೆ. ಆಡುವವರು ಆ ಮಕ್ಕಳು. ಮಾಡಬೇಕಾದದ್ದು ಪತ್ರ ತಲುಪಿಸುವುದು. ಜರ್ಮನ್ ಸೈನಿಕರಾಗಿ ಯಾರೂ ಆಡುವಂತಿಲ್ಲ, ಅವರನ್ನು ಆಟವೇ ನಡೆಸುತ್ತದೆ.

ಅದನ್ನು ಕೇಳಿದಾಗ ಮಗಳು ಕುಲ್ಮ್‌ಬಾಖ್‌ನ ಮಾತು ನೆನಪಿಸಿದಳು. "ಯಾವ ಪಕ್ಷ ಅಂತ ಕೇಳಿದ್ದೆಯಲ್ಲ. ಇಲ್ಲಿ ಆ ಪಕ್ಷ ತಗೊಳ್ಳೋಕೇ ಬಿಡಲ್ಲ."

ಇನ್ನೊಂದು ಆಟ ನಮ್ಮ ಕೋಣೆಯ ನೆಲದ ಮೇಲೆ ರಾತ್ರಿ ಹತ್ತರವರೆಗೂ ನಡೆಯಿತು. ಕೊಲೆಯ್ಕ, ಅಂದರೆ ಸರದಿ ಸಾಲು. 2011ರಲ್ಲಿ ಪೋಲೆಂಡಿನ ರಾಷ್ಟ್ರೀಯ ಸ್ಮರಣೆ ಸಂಸ್ಥೆಯೇ ತಂದದ್ದು. ಕಮ್ಯುನಿಸ್ಟ್ ಕಾಲದ ಖಾಲಿ ಅಂಗಡಿಗಳ ಮುಂದೆ ಮನೆಯವರನ್ನು ಸಾಲಿನಲ್ಲಿ ನಿಲ್ಲಿಸಬೇಕು. ಯಾವ ಅಂಗಡಿಗೆ ಸಾಮಾನು ಬರುತ್ತದೆ ಗೊತ್ತಿಲ್ಲ. ಎಳೆಗೂಸು ಎತ್ತಿಕೊಂಡ ತಾಯಿಯ ಕಾರ್ಡು ಇದ್ದರೆ ಸಾಲಿನ ಮುಂದಕ್ಕೆ ಹೋಗಬಹುದು. ಮೂರನೇ ಸುತ್ತಿಗೆ ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಟ್ಯಾಂಕು ಕಳೆದುಕೊಂಡಾಗಲೂ ಅಷ್ಟು ಬಂದಿಲ್ಲ.

2017ರಲ್ಲಿ ಬೋರ್ಡ್ ರೂಪಕ್ಕೆ ಬಂದ ದಿಸ್ ವಾರ್ ಆಫ್ ಮೈನ್ ಕೂಡ ಪೋಲೆಂಡಿನದೇ. 1990ರ ದಶಕದಲ್ಲಿ ಬೋಸ್ನಿಯಾದ ಸರಾಯೆವೋ ನಗರಕ್ಕೆ ಬಿದ್ದ ಮುತ್ತಿಗೆಯ ನೆನಪಿನಿಂದ ಹುಟ್ಟಿದ ವಿಡಿಯೋ ಗೇಮ್ ಅದರ ಮೂಲ. ಆಟಗಾರರೆಲ್ಲ ಒಂದೇ ಪಕ್ಷ. ಮುರಿದ ಮನೆಯಲ್ಲಿ ಅಡಗಿದ ಜನ. ಇವತ್ತು ಯಾರು ಉಣ್ಣಬೇಕು, ಯಾರು ರಾತ್ರಿ ಎದ್ದು ಕಾವಲು ಕಾಯಬೇಕು, ಅದೇ ಆಟ. ಆರು ಮೂಲೆಯ ಮನೆಯೊಳಗೆ ನಾವು ಕಾಣದೇ ಬಿಟ್ಟವರು ಇವರೇ. ಫುಲ್ಡಾದ ಯಜಮಾನರಿಗೆ ಈ ಆಟದ ಬಗ್ಗೆ ಬರೆದು ಕಳಿಸಬೇಕು ಅಂದುಕೊಂಡೆ. ಅಲ್ಲೇ ಕೂತು ಬರೆದೆ.

ಹನ್ನೊಂದನೇ ದಿನ: ಸೆಕಿಗಹಾರಾ

ವಿಮಾನ, ಮತ್ತೊಂದು ವಿಮಾನ, ಒಂದು ದಿನದ ಪೂರ್ತಿ ನಿದ್ದೆ. ಆಮೇಲೆ ಜಪಾನಿನ ಗಿಫು ಪ್ರಾಂತ್ಯದ ಈ ಚಿಕ್ಕ ಊರು.

ಇಲ್ಲಿ ವಾರ್‌ಗೇಮ್‌ಗೆ ಸಿಮ್ಯುಲೇಷನ್ ಗೇಮ್ ಎನ್ನುತ್ತಾರೆ. 1980ರ ದಶಕದಲ್ಲಿ ಎಪಾಕ್, ಹಾಬಿ ಜಪಾನ್, ತ್ಸುಕುದಾ ಎಂಬ ಕಂಪನಿಗಳು ಸಾಲುಸಾಲಾಗಿ ಆಟ ತಂದವು. ಪೆಸಿಫಿಕ್ ಯುದ್ಧದ ಆಟಗಳೂ ಇದ್ದವು. ಆದರೆ ಎರಡು ವಿಷಯಗಳು ಇಲ್ಲಿಯವೇ ಆಗಿ ಬೆಳೆದವು. ಒಂದು, 400 ವರ್ಷ ಹಿಂದಿನ ಸಾಮಂತರ ಕಾಳಗ. ಇನ್ನೊಂದು, ಇನ್ನೂ ಬಾರದ ಕಾಲದ ಯಂತ್ರಮಾನವರ ಯುದ್ಧ. 1979ರಲ್ಲಿ ಟಿವಿಗೆ ಬಂದ ಗುಂಡಮ್ ಕಥೆಯನ್ನು ತ್ಸುಕುದಾ ನಕ್ಷೆ, ಕಾಯಿಗಳ ಆಟವಾಗಿ ಮಾಡಿತು. ಹಿಂದಕ್ಕೆ ದೂರ, ಮುಂದಕ್ಕೆ ದೂರ.

ಸಾಮಂತರ ಎರಡು ಬಣಗಳ ನಡುವೆ ಸೆಕಿಗಹಾರಾ ಕದನ ನಡೆದದ್ದು 1600ರ ಅಕ್ಟೋಬರ್ 21ರಂದು. 2020ರಲ್ಲಿ ತೆರೆದ ಮ್ಯೂಸಿಯಂನಲ್ಲಿ ನೆಲದ ಮೇಲೇ ದೊಡ್ಡ ಪರದೆ ಇದೆ. ಸುತ್ತ ನಿಂತು ಕೆಳಗೆ ನೋಡಿದರೆ ಸೈನ್ಯಗಳು ಬಣ್ಣದ ಗುರುತುಗಳಾಗಿ ಸರಿಯುತ್ತವೆ. ಮೇಲಿನ ಮಹಡಿಯ ಗಾಜಿನ ಕೋಣೆಯಿಂದ ನಿಜವಾದ ನೆಲ ಕಾಣುತ್ತದೆ. ಗದ್ದೆಗಳು, ಮನೆಗಳು, ಒಂದು ಮಹಡಿಯಲ್ಲಿ ಒಣಗಲು ಹಾಕಿದ ಹಾಸಿಗೆ. ದೂರದಲ್ಲಿ ಮತ್ಸುಓ ಗುಡ್ಡ. ಕೊಬಾಯಕಾವಾ ಹಿದೆಆಕಿ ಎಂಬ ತರುಣ ಸಾಮಂತ ಅಲ್ಲಿ ಸೈನ್ಯ ನಿಲ್ಲಿಸಿ ಕಾಯುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಪಕ್ಷ ಬದಲಿಸಿ ತನ್ನವರ ಮೇಲೇ ಇಳಿದ. ಕದನ ತೀರ್ಮಾನವಾದದ್ದು ಅಲ್ಲಿ.

ಅದಕ್ಕೇ ಈ ಕದನದ ಆಟಗಳಲ್ಲಿ ನಿಷ್ಠೆಯೂ ಒಂದು ಲೆಕ್ಕ. 2011ರಲ್ಲಿ ಅಮೆರಿಕದಿಂದ ಬಂದ ಸೆಕಿಗಹಾರಾ ಆಟದಲ್ಲಿ ದಾಳವೇ ಇಲ್ಲ. ಎದುರಾಳಿ ನಿಷ್ಠೆ ಪರೀಕ್ಷಿಸುವ ಕಾರ್ಡು ಹಾಕಿದಾಗ ನಮ್ಮ ಕೈಯಲ್ಲಿ ಅದೇ ವಂಶದ ಇನ್ನೊಂದು ಕಾರ್ಡು ಇರಬೇಕು. ಇಲ್ಲದಿದ್ದರೆ ನಮ್ಮ ಮರದ ಕಾಯಿ ಅವರ ಪರ ಹೋರಾಡುತ್ತದೆ. ನಾನು ಆಡಿದ ಆಟಗಳಲ್ಲಿ ಇಷ್ಟು ಎದೆ ಹೊಡೆದುಕೊಳ್ಳುವ ನಿಯಮ ಬೇರೆ ಇಲ್ಲ.

ಇದು ಜಪಾನಿಗೆ ಹೊಸದೂ ಅಲ್ಲ. ಜಪಾನಿನ ಚೆಸ್ ಎನ್ನಬಹುದಾದ ಶೋಗಿಯಲ್ಲಿ ಎರಡೂ ಪಕ್ಷದ ಕಾಯಿಗಳಿಗೆ ಒಂದೇ ಬಣ್ಣ. ಮೊನೆ ಯಾವ ಕಡೆಗಿದೆಯೋ ಅದೇ ಗುರುತು. ಹೊಡೆದ ಕಾಯಿಯನ್ನು ತಿರುಗಿಸಿ ತನ್ನದಾಗಿ ಮತ್ತೆ ಹಲಗೆಗೆ ಇಳಿಸಬಹುದು. ಎರಡನೇ ಮಹಾಯುದ್ಧದ ನಂತರ ಅಮೆರಿಕನ್ ಆಡಳಿತದವರು ಶೋಗಿ ಆಟಗಾರ ಮಸುದಾ ಕೊಝೋ ಅವರನ್ನು ಕರೆಸಿ, ಇದು ಕೈದಿಗಳನ್ನು ದುಡಿಸಿಕೊಳ್ಳುವ ಆಟ ಅಲ್ಲವೇ ಎಂದು ಕೇಳಿದರಂತೆ. ನಿಮ್ಮ ಚೆಸ್‌ನಲ್ಲಿ ಸೆರೆ ಸಿಕ್ಕವರು ಸಾಯುತ್ತಾರೆ, ನಮ್ಮದರಲ್ಲಿ ಬದುಕಿ ಕೆಲಸ ಮಾಡುತ್ತಾರೆ ಎಂಬರ್ಥದ ಉತ್ತರ ಕೊಟ್ಟೆ ಎಂದು ಅವರೇ ಹೇಳಿಕೊಂಡಿದ್ದಾರೆ.

ಸಂಜೆ ನಿಲ್ದಾಣದಲ್ಲಿ ನಾವಿಬ್ಬರೇ. ಕ್ಯೋಟೋ ಕಡೆಗೆ ಹೋಗುವ ರೈಲು ಹತ್ತಿ, ಮಗಳು ಚೀಲದಿಂದ ಪುಟ್ಟ ಶೋಗಿ ಹಲಗೆ ತೆಗೆದಳು. ಮೈಬಾರಾದಲ್ಲಿ ರೈಲು ಬದಲಿಸುವಾಗ ಹಲಗೆಯನ್ನು ಅಲುಗಿಸದೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ಇಳಿದಳು. ಕ್ಯೋಟೋ ಬರುವಷ್ಟರಲ್ಲಿ, ಬೆಳಗಿನಿಂದ ಒಂದೂ ಮಾತಾಡದೆ ಯೋಚಿಸುತ್ತಿದ್ದವಳು ನನ್ನಿಂದ ಹೊಡೆದ ಕುದುರೆಯನ್ನು ತಿರುಗಿಸಿ ನನ್ನ ರಾಜನ ಎದುರಿನ ಮನೆಯಲ್ಲಿ ಇಟ್ಟಳು.